ಐದು ಸೀಟಿನ ನಕ್ಷೆ

ಲೀಲಂಡ್ ಬ್ರಾಂಟ್ ಮೊದಲ ಸಲ ನಮ್ಮ ಕಚೇರಿಯ ಬಾಗಿಲು ತೆಗೆದು ಒಳಗೆ ಬಂದಾಗ ಅವನ ಮನೆಯಲ್ಲಿ ಯಾರೋ ಸತ್ತಿರಬೇಕು ಎಂದೇ ತಿಳಿದೆ. ಅಂಥ ಮುಖ. ಸಂಸದರ ಕಚೇರಿಗೆ ಬರುವ ಅರ್ಧ ಜನ ಹಾಗೇ ಬರುತ್ತಾರೆ. ಗಂಡ ಹೋದ ಮೇಲೆ ಪಿಂಚಣಿ ನಿಂತಿರುತ್ತದೆ, ಸೈನ್ಯದಿಂದ ಮರಳಿದ ಮಗನಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿರುವುದಿಲ್ಲ. ಕುರ್ಚಿ ಎಳೆದು ಕೂರಿಸಿ, ಕಾಫಿ ಕೊಟ್ಟು, ಮೆಲ್ಲಗೆ ಕೇಳಿದೆ.

"ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ. ನನ್ನ ಮುಖ ಇರೋದೇ ಹೀಗೆ."

ಅವನಿಗೆ ಬೇಕಾಗಿದ್ದದ್ದು ಊರಿನ ಶಾಲೆಗೊಂದು ಧ್ವಜ, ವಾಷಿಂಗ್ಟನ್ನಿನ ಸಂಸತ್ ಭವನದ ಮೇಲೆ ಒಮ್ಮೆ ಹಾರಿಸಿ ಇಳಿಸಿದ್ದು. ಅದನ್ನು ನಮ್ಮ ಕಚೇರಿಯ ಮೂಲಕವೇ ತರಿಸಬೇಕು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವನು ನಕ್ಕ. ಆ ಮುಖದಲ್ಲಿ ನಗು ಕಣ್ಣಿನ ಮೂಲೆಯಲ್ಲಿ ಹುಟ್ಟಿ, ತುಟಿಗೆ ಬರುವಷ್ಟರಲ್ಲಿ ಸುಸ್ತಾಗಿ ನಿಂತುಬಿಡುತ್ತಿತ್ತು. ಧ್ವಜ ಬಂತೇ ಎಂದು ಕೇಳುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಧ್ವಜ ಬಂದ ಮೇಲೂ ಬಂದ.

ನಾನು ಆಗ ಐವತ್ತರ ಹತ್ತಿರದ ವಿಧವೆ. ಅವನು ಮದುವೆಯನ್ನೇ ಆಗದವನು. ರಾಜ್ಯ ಸರ್ಕಾರದ ನೌಕರ, ನಮ್ಮ ವೆಸ್ಟ್ರಮ್ ಊರಿನಿಂದ ರಾಜ್ಯದ ರಾಜಧಾನಿಗೆ ದಿನಾ ಕಾರಿನಲ್ಲಿ ಹೋಗಿ ಬರುತ್ತಿದ್ದ. ಸಂಜೆ ಇರ್ಮಾಳ ಹೋಟೆಲಿನಲ್ಲಿ ಎದುರುಬದುರು ಕೂತು ಸೂಪ್ ಕುಡಿಯುತ್ತಿದ್ದೆವು. ಮಾತಿನಲ್ಲಿ ಅವನು ಜಿಪುಣ, ನೋಟದಲ್ಲಿ ಅಲ್ಲ. ನಾನು ಬೇರೆ ಕಡೆ ನೋಡುವಾಗ ನನ್ನ ಕೈ ನೋಡುತ್ತಿದ್ದ. ನಾನು ತಿರುಗಿದರೆ ಉಪ್ಪಿನ ಡಬ್ಬಿ ನೋಡುತ್ತಿದ್ದ. "ನಿನ್ನ ಗೆಳೆಯ ಉಪ್ಪಿನ ಡಬ್ಬೀನ ಲವ್ ಮಾಡ್ತಿದಾನೆ ಕಣೆ ಆರ್ಲಿಸ್, ಹುಷಾರು," ಎಂದು ಇರ್ಮಾ ಎಲ್ಲರೆದುರು ಕಾಲೆಳೆಯುತ್ತಿದ್ದಳು. ಅವನು ಅಂದಿನಿಂದ ಸೂಪಿಗೆ ಉಪ್ಪು ಹಾಕಿಕೊಳ್ಳುವುದನ್ನೇ ಬಿಟ್ಟ.

ಚಳಿಗಾಲದಲ್ಲಿ ಜನಗಣತಿಯ ಸುದ್ದಿ ಬಂತು. ಬೇರೆ ರಾಜ್ಯಗಳು ಬೆಳೆದಿದ್ದವು, ನಮ್ಮದು ಬೆಳೆದಿರಲಿಲ್ಲ. ವಾಷಿಂಗ್ಟನ್ನಿನಲ್ಲಿ ನಮಗಿದ್ದ ಆರು ಸೀಟು ಇನ್ನು ಐದು. ಇಡೀ ರಾಜ್ಯದ ಕ್ಷೇತ್ರಗಳನ್ನು ಹೊಸದಾಗಿ ಗೆರೆ ಹಾಕಿ ಹಂಚಬೇಕು. ಆ ಗೆರೆ ಹಾಕುವ ಕೆಲಸ ಲೀಲಂಡನ ವಿಭಾಗದ್ದು.

ನಮ್ಮ ರಾಜ್ಯದ ಕಾನೂನು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಗೆರೆ ಹಾಕುವವರು ಯಾವ ಸಂಸದ ಎಲ್ಲಿ ವಾಸಿಸುತ್ತಾನೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಯಾವ ಊರು ಯಾರಿಗೆ ಓಟು ಹಾಕುತ್ತದೆ ಎಂದು ನೋಡಬಾರದು, ನಕ್ಷೆ ಶಾಸನಸಭೆಯ ಕೈ ಸೇರುವವರೆಗೆ ಹೊರಗೆ ಒಂದು ಮಾತು ಆಡಬಾರದು. ಲೀಲಂಡ್ ಇದನ್ನೆಲ್ಲ ಹೇಳಿ, ಇನ್ನು ನೀನು ಕೇಳಬಾರದು, ನಾನು ಹೇಳಬಾರದು ಎಂದ. ಸರಿ ಎಂದೆ. ನಮ್ಮ ಸಂಸದ ಕ್ರಾಫ್ಟ್ ಅವರ ಮನೆ ಎಲ್ಲಿದೆ ಎಂದು ಮರೆಯಲು ಅವನಿಗೆ ಹೇಗೆ ಸಾಧ್ಯ ಎಂದು ನಾನು ಆಗ ಯೋಚಿಸಲಿಲ್ಲ. ಅದು ಇರ್ಮಾಳ ಹೋಟೆಲಿನ ಹಿಂದಿನ ಬೀದಿಯಲ್ಲೇ ಇತ್ತು.

ಫೆಬ್ರುವರಿಯಲ್ಲಿ ನದಿಯಾಚೆಯ ದೊಡ್ಡ ಊರಿನ ಆಸ್ಪತ್ರೆಯೊಂದು ನನ್ನನ್ನು ಕರೆಯಿತು. ರೋಗಿಗಳ ವಿಮೆಯ ತಕರಾರು ಬಿಡಿಸುವ ಕೆಲಸ. ನನಗೆ ಸಕ್ಕರೆ ಕಾಯಿಲೆ. ಕೆಲಸದ ಜೊತೆ ಬರುವ ವಿಮೆಯಿಂದಲೇ ಇನ್ಸುಲಿನ್ ಬರಬೇಕು, ಅದಿಲ್ಲದೆ ನಾನಿಲ್ಲ. ತಡವಾಗಿ ರಾತ್ರಿ ಶಾಲೆಯಲ್ಲಿ ಓದಿದವಳಿಗೆ ಇಂಥ ಕೆಲಸ ಎರಡು ಸಲ ಹುಡುಕಿಕೊಂಡು ಬರುವುದಿಲ್ಲ. ಆದರೆ ಆ ಊರು ಮೂರು ಗಂಟೆ ದೂರ. ಹೋದರೆ ಸಂಜೆಯ ಸೂಪಿಲ್ಲ.

ಹಿಮ ತುಳಿಯುತ್ತಾ ಮನೆಗೆ ನಡೆಯುವಾಗ ಲೀಲಂಡನನ್ನು ಕೇಳಿದೆ.

"ಹೋಗ್ಲಾ, ಇರ್ಲಾ? ನೀನ್ ಹೇಳು."

ಅವನು ದೀಪದ ಕಂಬದ ಕೆಳಗೆ ನಿಂತ. ಕೈಗವಸು ತೆಗೆದ, ಮತ್ತೆ ಹಾಕಿಕೊಂಡ. ಆ ಸಲ ಉಪ್ಪಿನ ಡಬ್ಬಿ ಇರಲಿಲ್ಲ, ನೇರ ನನ್ನನ್ನೇ ನೋಡಿದ. ಕಣ್ಣು ತುಂಬಿತ್ತು. ಕೊನೆಗೆ, "ಇದನ್ನ ನನ್ನ ಕೇಳ್ಬೇಡ ಆರ್ಲಿಸ್," ಎಂದ.

ಇರು ಎನ್ನಲು ನಾಚುತ್ತಿದ್ದಾನೆ, ಪಾಪ, ಎಂದುಕೊಂಡೆ. ಅವನ ನೋಟ ಓದಲು ಇಷ್ಟು ದಿನ ಕಲಿತಿದ್ದೆನಲ್ಲ. ಮರುದಿನ ಹಾಡಿಕೊಳ್ಳುತ್ತಲೇ ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಸಂಜೆ ಅವನಿಗೆ ತಿಳಿಸಿದಾಗ ಅವನ ಕೈಯ ಚಮಚ ಬಟ್ಟಲಿನ ಮೇಲೆ ಹಾಗೇ ನಿಂತಿತು. ಅದನ್ನೂ ಸಂತೋಷ ಎಂದೇ ಓದಿದೆ.

ಹಿಮ ಕರಗುವ ಹೊತ್ತಿಗೆ ನಕ್ಷೆ ಹೊರಬಿತ್ತು. ನಮ್ಮ ಕ್ಷೇತ್ರ ಅದರಲ್ಲಿ ಇರಲೇ ಇಲ್ಲ. ನಮ್ಮ ಊರನ್ನು ಪೂರ್ವದ ಕ್ಷೇತ್ರಕ್ಕೆ ಸೇರಿಸಿದ್ದರು, ಉಳಿದ ತಾಲ್ಲೂಕುಗಳನ್ನು ಮೂರು ಕಡೆಗೆ ಹಂಚಿದ್ದರು. ಕ್ರಾಫ್ಟ್ ಅವರು ನಿಂತರೆ ಅಲ್ಲಿನ ಸಂಸದ, ತಮ್ಮದೇ ಪಕ್ಷದ ಹಳೆಯ ಗೆಳೆಯನ ಎದುರು ನಿಲ್ಲಬೇಕು. ನಿಲ್ಲುವುದಿಲ್ಲ ಎಂದರು. ಇನ್ನು ಓಟು ಕೇಳಬೇಕಿಲ್ಲದವರಿಗೆ ಎರಡೆರಡು ಕಚೇರಿ ಯಾಕೆ? ಬೇಸಿಗೆಯಲ್ಲೇ ವೆಸ್ಟ್ರಮ್ಮಿನ ಕಚೇರಿಗೆ ಬೀಗ ಬಿತ್ತು. ಕೊನೆಯ ವಾರ ಜನ ಬಂದು ತಮ್ಮ ಕಾಗದಗಳನ್ನು ವಾಪಸ್ ಪಡೆದರು. ಇನ್ನು ಯಾರ ಹತ್ತಿರ ಹೋಗಲಿ ಎಂದು ಒಬ್ಬ ಮುದುಕ ಕೇಳಿದ. ನೂರು ಮೈಲಿ ದೂರದ ಇನ್ನೊಂದು ಕಚೇರಿಯ ವಿಳಾಸ ಬರೆದುಕೊಟ್ಟೆ. ಅವನಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಲೀಲಂಡ್ ಮನೆಗೆ ಬಂದಾಗ ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ಕೇಳಿದೆ.

"ಆವತ್ತು ಕಂಬದ ಹತ್ರ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬಾಗಿಲು ಹಾಕಿದೆ. ಅವನು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ. ಕಿಟಕಿಯ ಪರದೆಯ ಹಿಂದೆ ನಾನೂ ನಿಂತಿದ್ದೆ. ಹೋಗಲಿ ಎಂದೂ ಇತ್ತು, ಹೋಗದಿರಲಿ ಎಂದೂ ಇತ್ತು.

ಆಸ್ಪತ್ರೆಯ ಕೆಲಸ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಅಂಗಡಿಯೊಂದರಲ್ಲಿ ಅರೆಹೊತ್ತಿನ ಕೆಲಸ ಸಿಕ್ಕಿತು, ಅದಕ್ಕೆ ವಿಮೆ ಇಲ್ಲ. ಇನ್ಸುಲಿನ್ನನ್ನು ಅರ್ಧ ಅರ್ಧ ತೆಗೆದುಕೊಳ್ಳತೊಡಗಿದೆ. ಕಾಲಿಗೆ ಶೂ ಕಚ್ಚಿದ ಗಾಯ ಮಾಯಲಿಲ್ಲ. ಬಟ್ಟೆ ಸುತ್ತಿಕೊಂಡು ಓಡಾಡಿದೆ. ಒಂದು ಮಧ್ಯಾಹ್ನ ಅಂಗಡಿಯ ಗಲ್ಲಾದ ಮುಂದೆ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಜಿಲ್ಲಾ ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ. ಎಡಗಾಲಿನ ಮುಂಭಾಗವನ್ನು ಕತ್ತರಿಸಿ ತೆಗೆದಿದ್ದರು. ಪಕ್ಕದಲ್ಲಿ ಲೀಲಂಡ್, ಕೋಟು ಸಹ ಬಿಚ್ಚದೆ ಕೂತಿದ್ದ. ಇರ್ಮಾ ಫೋನ್ ಮಾಡಿದ್ದಳಂತೆ.

ಔಷಧಿಗೆ ಕಷ್ಟವಾಗಿದೆ ಎಂದು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ. ಹೇಳದೇ ಇರುವುದು ನಿನಗೊಬ್ಬನಿಗೇ ಬರುತ್ತದೆಯೇ ಎಂದೆ. ಆಮೇಲೆ, ಯಾವತ್ತೂ ಇಷ್ಟು ಉದ್ದ ಮಾತಾಡದವನು ಮಾತಾಡಿದ.

"ಹೋಗು ಅಂದಿದ್ರೆ ನಕ್ಷೆ ಹೇಳ್ದಂಗೆ ಆಗ್ತಿತ್ತು. ಇರು ಅಂತ ಹೇಳೋ ಆಸೆ ಗಂಟ್ಲಿಗೆ ಬಂದಿತ್ತು, ಹೇಳಿದ್ರೆ ನಿಂಗೆ ಮೋಸ. ನೀನು ಇರ್ತೀನಿ ಅಂದಾಗ ಒಳ್ಗೊಳ್ಗೆ ಖುಷಿ ಆಯ್ತು. ಅದೇ ನನ್ನ ಸುಡ್ತಿದೆ ಆರ್ಲಿಸ್. ನನ್ನ ಮದ್ವೆ ಆಗು. ಸರ್ಕಾರಿ ನೌಕರನ ಹೆಂಡತಿಗೆ ಮದ್ವೆ ದಿನದಿಂದ್ಲೇ ವಿಮೆ."

ವಿಮೆಗಾಗಿ ಕೇಳುತ್ತಿದ್ದಾನೆಯೇ, ನನ್ನ ಕಾಲಿನ ಋಣಕ್ಕಾಗಿ ಕೇಳುತ್ತಿದ್ದಾನೆಯೇ? ಕರುಣೆಗೆ ಕತ್ತು ಕೊಡಲು ನನಗೆ ಮನಸ್ಸಿರಲಿಲ್ಲ. ಕಂಬಳಿಯ ಕೆಳಗೆ ಇಲ್ಲದ ಬೆರಳುಗಳು ನೋಯುತ್ತಿದ್ದವು. ಅದಕ್ಕೇ ಕೇಳಿದೆ.

"ಇನ್ನೊಂದ್ಸಲ ಹಾಗೇ ಆಗತ್ತೆ ಅಂತಿಟ್ಕೋ. ಅದೇ ಕಂಬ, ಅದೇ ಮಾತು. ಈ ಕಾಲು ಹೀಗಾಗತ್ತೆ ಅಂತ್ಲೂ ನಿಂಗೆ ಗೊತ್ತು. ಆಗ ಹೇಳ್ತೀಯಾ?"

ಹೇಳುತ್ತೇನೆ ಎಂದುಬಿಟ್ಟರೆ ಅವನಿಗೆ ಎಷ್ಟು ಸುಲಭವಿತ್ತು. ಆ ಗಳಿಗೆಯಲ್ಲಿ ಯಾವ ಗಂಡಸಾದರೂ ಅಷ್ಟು ಸುಳ್ಳು ಹೇಳುತ್ತಿದ್ದ. ಲೀಲಂಡ್ ನನ್ನ ಕಾಲಿದ್ದ ಕಡೆ ನೋಡಿದ, ನನ್ನ ಮುಖ ನೋಡಿದ.

"ಇಲ್ಲ," ಎಂದ. "ಕೆಲ್ಸ ಬಿಟ್ಬಿಡ್ತಿದ್ನೇನೋ. ಹೇಳ್ತಿರ್ಲಿಲ್ಲ."

ನನಗೆ ಸಿಟ್ಟು ಬಂತು. ಬಹಳ ಬಂತು, ಗೋಡೆಯ ಕಡೆ ತಿರುಗಿ ಅತ್ತೆ. ಅವನು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಅಳು ನಿಂತ ಮೇಲೆ ಒಂದು ತಣ್ಣನೆಯ ವಿಷಯ ತಿಳಿಯಿತು. ನನ್ನನ್ನು ಒಲಿಸಿಕೊಳ್ಳುವುದಕ್ಕೂ ಸುಳ್ಳಾಡದವನು ಇವನು. ಹಾಗಾದರೆ ಗಂಟಲಿಗೆ ಬಂದಿತ್ತು ಎಂದ ಆ ಆಸೆಯೂ ಸುಳ್ಳಲ್ಲ.

ಅವನ ಕಡೆ ತಿರುಗಲು ಕಷ್ಟವಾಯಿತು. ಅವನೇ ದಿಂಬು ಸರಿಮಾಡಿದ.

"ಪಾದ್ರಿಗೆ ಹೇಳಿ ಬಾ," ಎಂದೆ. "ಹುಡುಗಿಗೆ ನಿಂತ್ಕೊಳ್ಳೋಕಾಗಲ್ಲ, ಮಲ್ಗೇ ಮದ್ವೆ ಆಗ್ತಾಳಂತೆ ಅನ್ನು."