ಕಿಟಕಿಯ ಹಿಂದೆ ನೀರು ಹಾಕುವವನು

"ಕೈ ತಗೀರಿ. ಮುಟ್ಟಬ್ಯಾಡ್ರಿ ಅದನ್ನ."

ಹಿಂದಿನಿಂದ ಬಂದ ಆ ದನಿಗೆ ಶಿವಕಾಂತಾಳ ಬೆರಳು ಕಂಪ್ಯೂಟರಿನಿಂದ ಒಂದು ಗೇಣು ದೂರದಲ್ಲೇ ನಿಂತುಬಿಟ್ಟಿತು.

ತಿರುಗಿ ನೋಡಿದಳು. ಬಾಗಿಲಲ್ಲಿ ಒಬ್ಬ ತರುಣ. ಅಂಗಿಯ ತೋಳು ಮಡಚಿದ್ದಾನೆ, ಕೈಯಲ್ಲಿ ಟೆಸ್ಟರ್ ಇದೆ. ಅವನು ಅವಳನ್ನು ದಾಟಿ ಬಂದು, ಆ ಟೆಸ್ಟರಿನ ತುದಿಯನ್ನು ಕಂಪ್ಯೂಟರಿನ ಕಬ್ಬಿಣದ ಮೈಗೆ ತಾಗಿಸಿದ.

ಟೆಸ್ಟರಿನೊಳಗೆ ಒಂದು ಸಣ್ಣ ಕೆಂಪು ದೀಪ ಹೊತ್ತಿಕೊಂಡಿತು.

"ನೋಡಿದ್ರಿ? ಮೈಗೆಲ್ಲ ಕರೆಂಟ್ ಅದ. ಬರಿಗಾಲಿಲೆ ಬ್ಯಾರೆ ನಿಂತೀರಿ."

ಶಿವಕಾಂತಾ ಕೈ ಹಿಂದೆಳೆದುಕೊಂಡಳು. ಆ ಕೆಂಪು ಚುಕ್ಕಿಯಿಂದ ಕಣ್ಣು ಕೀಳಲು ಆಗಲಿಲ್ಲ.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಕಲ್ಲಿಗೆ ಪಾಲಿಶ್ ಮಾಡುವ ಮಶೀನಿಗೆ ಕೈ ಅಂಟಿಕೊಂಡೇ ಜೀವ ಬಿಟ್ಟಿದ್ದ. ಬಿಡಿಸಲು ಹೋದ ಇಬ್ಬರನ್ನೂ ಕರೆಂಟು ಎತ್ತಿ ಒಗೆದಿತ್ತು. ಅಂದಿನಿಂದ ಮನೆಯಲ್ಲಿ ದೀಪದ ಗುಂಡಿ ಒತ್ತುವುದಕ್ಕೂ ಅವಳು ಅವ್ವನನ್ನೇ ಕರೆಯುತ್ತಿದ್ದಳು.

ಈಗ, ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ನೆಲಕ್ಕೆ ಹಾಸುವ ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಸ್ಥರ ಸಂಘಕ್ಕೆ ಹೈದರಾಬಾದಿನಿಂದ ಕಂಪ್ಯೂಟರ್ ಬಂದಿತ್ತು. ಯಾವ ಅಳತೆಯ ಕಲ್ಲು ಯಾವ ರೈಲು ವ್ಯಾಗನ್ನಿಗೆ ಹೋಯಿತು ಎಂಬ ಪಟ್ಟಿಯನ್ನೆಲ್ಲ ಇನ್ನು ಮುಂದೆ ಅದರಲ್ಲೇ ಮಾಡಬೇಕು. ನಾಲ್ಕು ವರ್ಷದಿಂದ ಟೈಪಿಸ್ಟ್ ಆಗಿದ್ದ ಶಿವಕಾಂತಾ ಅದನ್ನು ಕಲಿತರೆ ನೌಕರಿ ಉಂಟು. ಇಲ್ಲವಾದರೆ ಇಲ್ಲ.

"ಈಗ ಏನ್ ಮಾಡೋದ್ರಿ?" ಎಂದಳು.

"ಏನ್ ಮಾಡೋದು, ಅರ್ಥಿಂಗ್ ಇಲ್ಲ. ತಂತಿ ನೆಲದಾಗ ಹುಗದಾರ, ಖರೆ. ಆದರ ನಮ್ಮೂರಾಗ ಎರಡು ಮೊಳ ಅಗದ್ರ ಬರೇ ಕಲ್ಲು. ಒಣ ಕಲ್ಲಿಗೆ ತಂತಿ ಕಟ್ಟಿದ್ರ ಕರೆಂಟ್ ಎಲ್ಲಿ ಇಳೀತದ್ರಿ? ನಿಮ್ಮ ಮೈಯಾಗಿಂದ ಇಳೀತದ."

ಹೀಗೆ ಹೇಳುವವನನ್ನು ಕಂಡು ಅವಳಿಗೆ ಸಿಟ್ಟೂ ಬಂತು, ಎಂಥದೋ ಧೈರ್ಯವೂ ಬಂತು.

ಅವನ ಹೆಸರು ಸಾಯಬಣ್ಣ. ಹತ್ತಿರದ ತೆಂಗಳಿ ಊರಿನವನು, ವಾಯರ್‌ಮನ್. ಸಂಘದ ಮ್ಯಾನೇಜರ್ ಅಬ್ದುಲ್ ಗನಿ ಸಾಹೇಬರು ಕರೆಸಿದ್ದರು.

ಎರಡು ದಿನ ಅವನು ಅವಳ ಕಿಟಕಿಯ ಹಿಂದೆ ಕಲ್ಲು ಒಡೆದ. ಆಳು ಮುಳುಗುವಷ್ಟು ತಗ್ಗು ತೋಡಿ, ತಂತಿ ಕಟ್ಟಿದ ತಾಮ್ರದ ತಗಡು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಬಾಯಿ ಒಂದು ಮೊಳ ತೆರೆದೇ ಬಿಟ್ಟ. ಮೂರನೆಯ ದಿನ ಟೆಸ್ಟರ್ ಹಚ್ಚಿ ತೋರಿಸಿದ. ಕೆಂಪು ದೀಪ ಹೊತ್ತಲಿಲ್ಲ.

"ಇನ್ನ ಮುಟ್ಟರ್ರಿ."

ಅವಳು ಮುಟ್ಟಲಿಲ್ಲ. ಅವನೇ ತನ್ನ ಅಂಗೈಯನ್ನು ಕಂಪ್ಯೂಟರಿನ ಮೇಲಿಟ್ಟು ನಿಂತ. ಒಂದು ಗಳಿಗೆ, ಎರಡು ಗಳಿಗೆ... ಆಮೇಲೆ ಅವಳೂ ಒಂದು ಬೆರಳು ಇಟ್ಟಳು. ತಣ್ಣಗಿತ್ತು.

"ಧೂಳು ಬರ್ತದಂತ ಎಲ್ಲಾರೂ ಚಪ್ಪಲಿ ಹೊರಗ ಬಿಡ್ತಾರ. ನೀವು ಒಂದು ಜೋಡಿ ಹೊಸ ರಬ್ಬರ್ ಚಪ್ಪಲಿ ಒಳಗಿಗಂತ ಇಟ್ಕೋರಿ. ಒದ್ದಿ ಕೈ ಹಚ್ಚಬ್ಯಾಡ್ರಿ. ಮೇಜಿನ ಮ್ಯಾಲ ಚಹಾ ಇಡಬ್ಯಾಡ್ರಿ. ಮತ್ತ..." ಅವನು ಗೋಡೆಯ ಮೇಲಿನ ದೊಡ್ಡ ಸ್ವಿಚ್ಚು ತೋರಿಸಿದ. "ಯಾರಿಗರ ಕರೆಂಟ್ ಹಿಡೀತಂದ್ರ, ಅವರ್ನ ಮುಟ್ಟಬ್ಯಾಡ್ರಿ. ಓಡಿ ಬಂದು ಮೊದಲ ಇದನ್ನ ಜಗ್ಗರಿ. ಹೇಳ್ರಿ, ಏನ್ ಮಾಡ್ತೀರಿ?"

"ಇದನ್ನ ಜಗ್ತೀನಿ."

"ಇನ್ನೊಮ್ಮೆ ಹೇಳ್ರಿ."

"ಸಾಲಿ ಮಾಸ್ತರ ಆಗ್ಬೇಕಾಗಿತ್ತು ನೀವು," ಎಂದಳು ಶಿವಕಾಂತಾ. ಅವನು ಮೊದಲ ಸಲ ನಕ್ಕ.

ಕರೆಂಟು ಏರಿಳಿಯದಂತೆ ತಡೆಯಲು ಒಂದು ಸ್ಟೆಬಿಲೈಜರ್ ಬೇಕಿತ್ತು. ಯಾವುದು ತರಬೇಕೆಂದು ಸಾಯಬಣ್ಣ ಚೀಟಿ ಬರೆದುಕೊಟ್ಟ. ಸಂಘದ ಹಿರಿಯರು ಚೀಟಿಯನ್ನು ಜೇಬಿಗಿಟ್ಟುಕೊಂಡು, ಯಾರದೋ ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ಡಬ್ಬಿಯೊಂದನ್ನು ಹೊತ್ತು ತಂದರು.

ಅದನ್ನು ಕಂಡು ಸಾಯಬಣ್ಣ ಗನಿ ಸಾಹೇಬರ ಹತ್ತಿರ ಹೋದ. "ಇದು ನಂಬಿಕಿದಲ್ಲ ಸಾಹೇಬರ. ಅರ್ಥಿಂಗ್ ಸುದ್ದ ಇರೋತನಕ ಏನೂ ಆಗಂಗಿಲ್ಲ. ಆದರ ಆ ತಗ್ಗು ಒಣಗಬಾರದು. ದಿನಾ ನೀರು ಬೀಳ್ಬೇಕು."

"ಹಾಕು ಹಾಕು, ನೀನೇ ಹಾಕಪ್ಪ," ಎಂದರು ಗನಿ ಸಾಹೇಬರು, ಕಾಗದದಿಂದ ತಲೆ ಎತ್ತದೆ.

ಈ ಮಾತು ಶಿವಕಾಂತಾಳ ಕಿವಿಗೆ ಬೀಳಲಿಲ್ಲ. ಮುಂದಿನದೆಲ್ಲ ಆದದ್ದು ಅದರಿಂದ.

ಮರುದಿನದಿಂದ ಸಾಯಬಣ್ಣ ದಿನಾ ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗುವ ಮುಂಚೆ ಅವಳ ಕಿಟಕಿಯ ಹಿಂದೆ ಕಾಣಿಸತೊಡಗಿದ. ಕೊಡದಿಂದ ನೀರು ಸುರಿಯುವ ಸದ್ದು. ಆಮೇಲೆ ಕಿಟಕಿಯ ಸರಳಿನ ಆಚೆ ಅವನ ಮುಖ.

"ಹ್ಯಾಂಗದರಿ ಮಶೀನು ಇವತ್ತು?"

"ಛಂದ ಅದ."

ಇಷ್ಟೇ ಮಾತು. ಆದರೆ ಆ ಎರಡು ಮಾತು ಆದ ಮೇಲೆಯೇ ಅವಳ ಬೆರಳುಗಳು ಅಳುಕದೆ ಕೀಲಿಗಳ ಮೇಲೆ ಓಡುತ್ತಿದ್ದವು. ಒಂದು ದಿನ ಅವನು ಬರುವುದು ತಡವಾದಾಗ ಅವಳು ಮಶೀನು ಚಾಲೂ ಮಾಡದೆ ಸುಮ್ಮನೆ ಕುಳಿತಿದ್ದಳು. 'ನಾ ಯಾಕ ಹಿಂಗ ಕಾಯಾಕತ್ತೀನಿ?' ಎಂದು ತನ್ನನ್ನೇ ಕೇಳಿಕೊಂಡು ಗಾಬರಿಯಾದಳು.

ಆಫೀಸು ಗುಡಿಸಿ ಒರೆಸುವ ಲಾಲಮ್ಮನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

"ಯವ್ವಾ ಶಿವಕಾಂತಮ್ಮ, ಅಲ್ಲಿ ಗಿಡ ಇಲ್ಲ, ಬಳ್ಳಿ ಇಲ್ಲ, ಒಂದ ಎಳಿ ಹುಲ್ಲಿಲ್ಲ. ಆ ಹುಡುಗ ಯಾವುದಕ್ಕ ನೀರು ಹಾಕ್ತಾನ?"

"ನನಗೇನ್ ಗೊತ್ತು?"

"ನನಗ ಗೊತ್ತದ ಬಿಡು," ಎಂದು ಲಾಲಮ್ಮ ಸೆರಗಿನಲ್ಲಿ ನಕ್ಕಳು.

ಆ ನಗು ವಾರದೊಳಗೆ ನಳದ ಕಟ್ಟೆಗೆ ಮುಟ್ಟಿತು. ಅಂದು ಸಂಜೆ ಅವ್ವ ಭಾಗಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು. "ಕಿಟಕ್ಯಾಗ ದಿನಾ ಯಾರೋ ನಿಂದರ್ತಾನಂತಲ್ಲ? ಗಂಡಸಿಲ್ಲದ ಮನಿ ನಮ್ದು ಶಿವಕಾಂತಾ. ಮಂದಿ ಬಾಯಿಗೆ ಬಿದ್ರ ಏಳೂದಿಲ್ಲ."

ಶಿವಕಾಂತಾಳಿಗೆ ರಾತ್ರಿಯ ಊಟ ಸೇರಲಿಲ್ಲ.

ಮರುದಿನ ಗನಿ ಸಾಹೇಬರ ಎದುರು ನಿಂತು, ನೆಲ ನೋಡುತ್ತ ಹೇಳಿದಳು. "ಆ ವಾಯರ್‌ಮನ್... ಕಿಟಕಿ ಹಿಂದ ಬರೋದು ಬಂದ್ ಮಾಡಸ್ರಿ ಸಾಹೇಬರ. ಮಂದಿ ಏನೇನೋ ಮಾತಾಡಾಕತ್ತಾರ."

ಸಾಹೇಬರಿಗೂ ಹೆಣ್ಣುಮಕ್ಕಳಿದ್ದರು. ಅವರು ಮತ್ತೊಂದು ಮಾತು ಕೇಳಲಿಲ್ಲ. ಸಾಯಬಣ್ಣನನ್ನು ಕರೆಸಿ, ಇನ್ನು ಈ ಕಡೆ ಬರಬೇಡ ಎಂದರು.

ಅವನ ಮುಖ ಕಪ್ಪಿಟ್ಟಿತು. ಆದರೂ ಕೇಳಿದ್ದು ಒಂದೇ ಮಾತು. "ತಗ್ಗಿಗೆ ನೀರು ಯಾರು ಹಾಕ್ತಾರ್ರಿ?"

"ನಾ ಹಾಕಸ್ತೀನಿ, ನೀ ನಡಿ."

ಸಾಹೇಬರು ಲಾಲಮ್ಮನಿಗೆ ಹೇಳಬೇಕೆಂದುಕೊಂಡರು, ಅಷ್ಟರಲ್ಲಿ ವ್ಯಾಗನ್ನುಗಳು ಬಂದವು, ಮರೆತರು. ದನ ಕಾಲು ಮುರಿದುಕೊಂಡೀತೆಂದು ಯಾರೋ ಆ ತಗ್ಗಿನ ಮೇಲೆ ಒಂದು ಫರಸಿ ಎಳೆದು ಮುಚ್ಚಿದರು. ಮೇ ತಿಂಗಳ ಬಿಸಿಲು. ಶಹಾಬಾದಿನ ಕಲ್ಲೆಲ್ಲ ಕಾದ ಹಂಚಿನ ಹಾಗಾಗಿತ್ತು.

ಒಂದು ಬೆಳಿಗ್ಗೆ ಕಂಪ್ಯೂಟರ್ ಮುಟ್ಟಿದಾಗ ಶಿವಕಾಂತಾಳ ಬೆರಳ ತುದಿಯಲ್ಲಿ ಇರುವೆ ಹರಿದಂತಾಯಿತು.

ಕೈ ಎಳೆದುಕೊಂಡಳು. ಮತ್ತೆ ಮುಟ್ಟಿದಳು. ಮತ್ತೆ ಇರುವೆ.

'ಇಲ್ಲ... ನನ್ನ ಹೆದರಿಕೆಯೇ ಇದು,' ಎಂದುಕೊಂಡಳು. ಯಾರಿಗೆ ಹೇಳುವುದು? ಹೆಣ್ಣು ಹುಡುಗಿಗೆ ಇಂಥ ಕೆಲಸ ಯಾಕೆ ಎಂದು ಹಿರಿಯರು ಮೊದಲೇ ಗೊಣಗುತ್ತಿದ್ದರು. ಹೇಳಬಹುದಾಗಿದ್ದ ಒಬ್ಬನನ್ನು ತಾನೇ ಓಡಿಸಿದ್ದಳು. ಬರಿದಾದ ಕಿಟಕಿಯ ಕಡೆ ನೋಡಿ, ರಬ್ಬರ್ ಚಪ್ಪಲಿಯ ಕಾಲನ್ನು ನೆಲಕ್ಕೆ ಒತ್ತಿ, ಹಲ್ಲು ಕಚ್ಚಿ ಕೆಲಸ ಮಾಡಿದಳು. ನಾಲ್ಕು ದಿನ ಹಾಗೆಯೇ.

ಐದನೆಯ ದಿನ ಲಾಲಮ್ಮ ನೆಲ ಒರೆಸುತ್ತಿದ್ದಳು. ಕಲ್ಲಿನ ನೆಲದ ಮೇಲೆ ನೀರು ಮಿಂಚುತ್ತಿತ್ತು.

"ಈ ಡಬ್ಬಿ ಮ್ಯಾಲ ಎಷ್ಟ ಧೂಳು ನೋಡು," ಎನ್ನುತ್ತ ಲಾಲಮ್ಮ ಒದ್ದೆ ಅರಿವೆಯನ್ನು ಸ್ಟೆಬಿಲೈಜರಿನ ಮೇಲಿಟ್ಟಳು.

ಮಾತು ಅಲ್ಲಿಗೇ ನಿಂತಿತು.

ಲಾಲಮ್ಮನ ಮೈ ಬಿಲ್ಲಿನಂತೆ ಬಿಗಿಯಿತು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಕೈ ಡಬ್ಬಿಯನ್ನು ಬಿಡಲಿಲ್ಲ.

ಶಿವಕಾಂತಾಳ ಕಣ್ಣೆದುರು ಅಪ್ಪ ನಿಂತಿದ್ದ. ಅದೇ ಬಿಗಿದ ಕುತ್ತಿಗೆ... ಅದೇ ತೆರೆದ ಬಾಯಿ. ಅವಳ ಎರಡೂ ಕೈ ತಾವಾಗಿಯೇ ಲಾಲಮ್ಮನ ಕಡೆ ಚಾಚಿದವು.

ಮುಟ್ಟಬ್ಯಾಡ್ರಿ.

ಕಾಲು ಜಾರುತ್ತ ಗೋಡೆಯ ಕಡೆ ಓಡಿದಳು. ದೊಡ್ಡ ಸ್ವಿಚ್ಚಿನ ಹಿಡಿ ಬಿಗಿಯಾಗಿತ್ತು. ಎರಡೂ ಕೈ ಹಾಕಿ, ಮೈಭಾರವೆಲ್ಲ ಬಿಟ್ಟು ಜಗ್ಗಿದಳು.

ಫ್ಯಾನು ನಿಂತಿತು. ಲಾಲಮ್ಮ ಧೊಪ್ಪೆಂದು ನೆಲಕ್ಕೆ ಬಿದ್ದಳು.

"ಲಾಲಮ್ಮಾ... ಕಣ್ಣು ತಗಿ. ಯವ್ವಾ, ಕಣ್ಣು ತಗಿ."

ಎಷ್ಟು ಹೊತ್ತೋ. ಕೊನೆಗೆ ಲಾಲಮ್ಮನ ಎದೆ ಒಮ್ಮೆ ಏರಿತು. ಅಂಗೈ ಸುಟ್ಟಿತ್ತು, ಜೀವವಿತ್ತು.

ಗನಿ ಸಾಹೇಬರು ಓಡಿ ಬಂದು, ಅವಳನ್ನು ಜಟಕಾದಲ್ಲಿ ದವಾಖಾನೆಗೆ ಕಳಿಸಿ, ಬಾಗಿಲಲ್ಲೇ ಕುಸಿದು ಕುಳಿತರು.

"ಯಾ ಅಲ್ಲಾ... ನೀರು. ಅಂವ ಹೇಳಿದ್ದ. ತಗ್ಗು ಒಣಗಬಾರದು, ದಿನಾ ನೀರು ಬೀಳ್ಬೇಕಂತ ಹೇಳಿದ್ದ. ನಾ ಮರೆತೆ."

"ತಗ್ಗಿಗೆ ಯಾಕ ನೀರು ಸಾಹೇಬರ?" ಎಂದು ಕೇಳುವಾಗಲೇ, ಒಣ ಕಲ್ಲಿನ ಬಗ್ಗೆ ಅವನಾಡಿದ ಮಾತು ನೆನಪಾಗಿ ಶಿವಕಾಂತಾಳಿಗೆ ತಿಳಿದುಹೋಯಿತು.

ಗಿಡವಿಲ್ಲ, ಬಳ್ಳಿಯಿಲ್ಲ... ಅವನು ದಿನಾ ನೀರು ಹಾಕಿದ್ದು ಅವಳ ಜೀವಕ್ಕೆ. ಅವಳು ಅವನ ಮೇಲೆ ಹೊರಿಸಿದ್ದು ಏನು?

"ಅವರು ಎಲ್ಲಿದ್ದಾರ್ರಿ ಈಗ?"

"ವಾಡಿ ಸ್ಟೇಷನ್ ಎದುರಿನ ಖಾನಾವಳ್ಯಾಗ ವಾಯರಿಂಗ್ ಮಾಡಾಕತ್ತಾನಂತ. ನಾಳೆ ಗುತ್ತೇದಾರನ ಕೂಡ ಚಿಂಚೋಳಿ ಕಡೆ ಹೊಂಟಾನ. ಎರಡು ವರ್ಷದ ಕೆಲಸ ಅದ."

ಶಿವಕಾಂತಾ ಅಂದು ಮನೆಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ, ತಾನು ಕಾಯುತ್ತಿದ್ದುದನ್ನೂ. ಭಾಗಮ್ಮ ಗಂಡನ ಫೋಟೋ ಇದ್ದ ಗೋಡೆಯ ಕಡೆ ನೋಡುತ್ತ ಕುಳಿತಿದ್ದಳು.

ಮರುದಿನ ಬೆಳಿಗ್ಗೆಯ ಪ್ಯಾಸೆಂಜರ್ ರೈಲಿನಿಂದ ಶಿವಕಾಂತಾ ವಾಡಿಯಲ್ಲಿ ಇಳಿದಾಗ ಸಾಯಬಣ್ಣ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ಟ್ರಂಕು ಕಾಲ ಬಳಿ ಇಟ್ಟುಕೊಂಡು ಗುತ್ತೇದಾರನಿಗಾಗಿ ಕಾಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮುಖದಲ್ಲಿ ಗುರುತಿನ ನಗು ಇರಲಿಲ್ಲ.

'ಮಾತಾಡದಿದ್ದರೆ? ಹಾಗೆಯೇ ಹೊರಟುಹೋದರೆ?' ಎಂದುಕೊಳ್ಳುತ್ತಲೇ ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಲಾಲಮ್ಮಗ ಕರೆಂಟ್ ಹಿಡೀತು," ಎಂದಳು. "ಉಳದಾಳ. ನೀವು ಹೇಳಿದ್ದ ಮಾಡ್ದೆ. ಮುಟ್ಟಲಿಲ್ಲ, ಸ್ವಿಚ್ ಜಗ್ಗಿದೆ."

ಅವನು ಟ್ರಂಕಿನ ಮೇಲೆ ಕುಕ್ಕರಿಸಿದ. "ನಿಮಗ?"

"ನನಗೇನೂ ಆಗಿಲ್ಲ."

"ಖರೆ ಹೇಳ್ರಿ."

"ಖರೆ." ಅವಳ ಕಣ್ಣು ತುಂಬಿದವು. "ನಾನೇ ನಿಮ್ಮ ಮ್ಯಾಲ ಚಾಡಿ ಹೇಳ್ದೆ. ನೀರು ಯಾಕ ಹಾಕ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ನೀವು ನನ್ನ ನೋಡಾಕ ಬರ್ತೀರಿ ಅಂತ ತಿಳಕೊಂಡೆ. ತಪ್ಪಾಯ್ತು."

ಸಾಯಬಣ್ಣ ಟ್ರಂಕಿನಿಂದ ಎದ್ದ.

"ಶಿವಕಾಂತಮ್ಮಾರ, ಆ ತಗ್ಗಿಗೆ ಒಂದು ಕೊಡ ನೀರು ಸಾಕಾಗಿತ್ತು."

"ಮತ್ತ?"

"ನಾ ಮೂರು ಕೊಡ ಹಾಕ್ತಿದ್ದೆ. ನಳದಿಂದ ಮೂರು ಸಲ ತಿರಗಾಡಿದ್ರ ಕಿಟಕಿ ಮುಂದ ಮೂರು ಸಲ ಹಾಯಬಹುದಲ್ಲ. ನೀವು ತಿಳಕೊಂಡದ್ದು ಅಷ್ಟೇನ್ ಸುಳ್ಳಲ್ಲ."

ಅವಳಿಗೆ ಅಳುವಿನ ನಡುವೆ ನಗು ಬಂತು.

"ಒಂದು ಕೇಳ್ಲೇನ್ರಿ?" ಎಂದ ಅವನು. "ಅಷ್ಟು ತ್ರಾಸ ಆಗಿದ್ರ ಕಿಟಕಿ ಬಾಗಲಾ ಹಾಕ್ಕೋಬಹುದಾಗಿತ್ತಲ್ಲ. ಒಂದ ದಿನಾನೂ ಹಾಕಲಿಲ್ಲ ಯಾಕ?"

"ಸೆಕಿ ಭಾಳ ಇತ್ತು."

"ಅಷ್ಟೇ?"

ಅವಳು ಸೆರಗಿನ ಅಂಚು ಹಿಡಿದು ನಿಂತಳು. "ಅಷ್ಟೇ ಅಲ್ಲ," ಎಂದಳು.

ದೂರದಲ್ಲಿ ಗುತ್ತೇದಾರ ಕೈಯೆತ್ತಿ ಕೂಗುತ್ತಿದ್ದ. ಸಾಯಬಣ್ಣ ಆ ಕಡೆ ತಿರುಗಿ, ಬರುವುದಿಲ್ಲ ಎಂದು ಕೈ ಅಲ್ಲಾಡಿಸಿದ.

"ನೀವು ಬಂದದ್ದು ನಿಮ್ಮ ಅವ್ವಗ ಗೊತ್ತದೇನು?"

"ಹೇಳೇ ಬಂದೀನಿ."

"ಏನಂದ್ರು?"

"ಊಟಕ್ಕ ಕರ್ಕೊಂಡ ಬಾ, ನಾ ಒಮ್ಮಿ ನೋಡ್ತೀನಿ ಅಂದಾಳ."

ಕಂಬದ ತುದಿ ಹತ್ತಿ ತಂತಿ ಬಿಗಿಯುವ ಸಾಯಬಣ್ಣ ಟ್ರಂಕಿನ ಹಿಡಿಯನ್ನು ಎರಡು ಸಲ ತಡವಿದ. ಕೈಗೆ ಸಿಗಲಿಲ್ಲ.

"ನನಗ ಈಗ ಹೆದರಿಕಿ ಬರಾಕತ್ತದರಿ."

ಶಿವಕಾಂತಾ ಟ್ರಂಕಿನ ಇನ್ನೊಂದು ಹಿಡಿಯನ್ನು ತಾನು ಹಿಡಿದು ಎತ್ತಿದಳು.

"ಬರ್ಲಿ. ನಾ ಜೋಡಿ ಇರ್ತೀನಿ. ನಡೀರಿ."