ಬಟ್ಟೆಯಡಿಯ ಬೆರಳು

ಈ ಕಥೆಯನ್ನು ಮೊದಲು ಹೇಳಿದವಳು ಸರ್ಕಾರಿ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಆಯುತ್ತಿದ್ದ ಅಜ್ಜಿ. ಬಹಿರಂಗ ಹರಾಜು ಜಾರಿಗೆ ಬಂದ ಮರುವರ್ಷ, ಬೇಸಿಗೆಯ ಒಂದು ಮಧ್ಯಾಹ್ನ. ಅವಳು ಹೇಳಿದ ಕ್ರಮದಲ್ಲೇ ದಾಖಲಿಸಿದ್ದೇನೆ.

ಬಾಳೆ ಮಾಗಿಸುವ ಕೋಣೆಯ ಬಾಗಿಲು ತೆರೆದ ಹಮಾಲನ ಕಾಲಿಗೆ ಮನುಷ್ಯನ ಕೈ ತಗುಲಿತು. ಹೊಸ ಆಡಳಿತಾಧಿಕಾರಿ ಸತ್ತು ಬಿದ್ದಿದ್ದರು. ಗಾಳಿಯಾಡದ ಕೋಣೆ. ಒಳಗೆ ಹಣ್ಣು ಮಾಗಿಸುವ ಅನಿಲ. ಹೊರಗೆ ಚಿಲಕ.

"ಅಣ್ಣಾ," ಎಂದು ಹೆಣದ ಪಕ್ಕ ಕುಸಿದವನು ಆಫೀಸಿನಲ್ಲಿ ಅವರ ಸಹಾಯಕ; ಅವರು ಅವನನ್ನು ತಮ್ಮನೆಂದೇ ಕರೆಯುತ್ತಿದ್ದರು.

ಆ ಮಾರುಕಟ್ಟೆಯಲ್ಲಿ ದಲ್ಲಾಳಿಗಳು ಟವೆಲಿನಡಿ ಬೆರಳು ಹಿಸುಕಿ, ಆ ಬೆರಳಿನ ಲೆಕ್ಕದಲ್ಲೇ ಬೆಲೆ ಕುದುರಿಸುತ್ತಿದ್ದರು. ಬೆಳೆದವನಿಗೆ ನಿಜವಾದ ಬೆಲೆ ತಿಳಿಯುತ್ತಿರಲಿಲ್ಲ. ಅದನ್ನು ನಿಲ್ಲಿಸಿ, ಎಲ್ಲರೆದುರು ಕೂಗಿ ಹರಾಜು ಮಾಡಿಸಲು ಅಧಿಕಾರಿ ಹೊರಟಿದ್ದರು.

* * *

ದಲ್ಲಾಳಿಗಳ ಮುಖಂಡನನ್ನು ಠಾಣೆಗೆ ತಂದರು.

"'ಸಾಹೇಬರನ್ನು ಹಣ್ಣುಗಾಯಿ ನೀರುಗಾಯಿ ಮಾಡ್ತೀನಿ' ಅಂದಿದ್ರಂತೆ?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಅಂದಿದ್ದೆ ತಾಯಿ. ನನ್ನ ಬಾಯಿಗೆ ಬೀಗ ಇಲ್ಲ. ಆದರೆ ನಾನು ಚಹಾಕ್ಕೆ ಕರೆದರೂ ಬಾರದ ಮನುಷ್ಯ, ನಾನು ಕರೆದರೆ ಆ ಕೋಣೆಗೆ ಬರ್ತಿದ್ದರಾ?"

"ನಾಳೆ ಕೋರ್ಟಿಗೆ ಕರಕೊಂಡು ಹೋಗ್ತೀವಿ. ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ದರೆ, ನೀವೇ."



* * *

ಅಧಿಕಾರಿಯ ಮನೆಯ ಜಗಲಿಯಲ್ಲಿ ಸಹಾಯಕ ಬಂದವರಿಗೆ ನೀರು ಕೊಡುತ್ತಿದ್ದ. ಇನ್ಸ್‌ಪೆಕ್ಟರಮ್ಮ ಒಳಕೋಣೆಯ ಬಾಗಿಲು ಹಾಕಿಕೊಂಡು ಅಧಿಕಾರಿಯ ಹೆಂಡತಿಯ ಪಕ್ಕ ಕುಳಿತಳು.

"ಹೊರಡುವಾಗ ಏನಾದರೂ ಹೇಳಿದ್ರಾ?"

"ಆಫೀಸಿನವರೊಬ್ಬರು ಬೆರಳಿನ ಲೆಕ್ಕ ಕಲಿಸಿದ್ದಾರೆ, ಇವತ್ತು ಕಳ್ಳವ್ಯಾಪಾರ ಹಿಡೀತೀನಿ ಅಂದರು. ಯಾರು ಅಂತ ಹೇಳಲಿಲ್ಲ."

ಇನ್ಸ್‌ಪೆಕ್ಟರಮ್ಮ ಎದ್ದಳು. ಬೆರಳಿನ ಲೆಕ್ಕ ತನಗೆ ಬಾರದೆಂದು ಆಫೀಸಿನ ಪ್ರತಿಯೊಬ್ಬನೂ ಬೆಳಿಗ್ಗೆಯ ವಿಚಾರಣೆಯಲ್ಲೇ ಆಣೆಯಿಟ್ಟಿದ್ದ.

* * *

ಸಂಜೆ ಆಫೀಸಿನವರನ್ನು ಠಾಣೆಯಲ್ಲಿ ಸಾಲಾಗಿ ಕೂರಿಸಿದರು. ಅಧಿಕಾರಿಯ ಹೆಂಡತಿಯೂ ಬಂದಿದ್ದಳು. ಮುಖಂಡ ಒಬ್ಬೊಬ್ಬರ ಕೈಯನ್ನೂ ಟವೆಲಿನಡಿ ಹಿಡಿದು, ಬೆರಳು ಹಿಸುಕಿ ಬೆಲೆ ಹೇಳಿದ. ಗುಮಾಸ್ತ ಕಚಗುಳಿಯಾಗಿ ಕೈ ಎಳೆದುಕೊಂಡ. ಲೆಕ್ಕಿಗನ ಕೈ ಕಟ್ಟಿಗೆಯಂತಿತ್ತು. ಸಹಾಯಕನ ಸರದಿ ಬಂದಾಗ ಇನ್ಸ್‌ಪೆಕ್ಟರಮ್ಮ ಸಾವಿನ ಬಗ್ಗೆ ಒಂದೇ ಸಮನೆ ಪ್ರಶ್ನೆ ಹಾಕತೊಡಗಿದಳು. ಅವನು ಎಚ್ಚರದಿಂದ, ತಡವರಿಸದೆ ಉತ್ತರಿಸಿದ.

ಮುಖಂಡ ತಲೆಯೆತ್ತಿದ. "ತಾಯಿ, ನಾನು ನೆಲಕಚ್ಚಿದ ಬೆಲೆ ಹೇಳಿದೆ. ಇವನ ಬೆರಳು ಜಾಸ್ತಿ ಕೇಳ್ತಿದೆ."

ಸಹಾಯಕ ಟವೆಲಿನಡಿಯಿಂದ ಕೈ ಎಳೆದುಕೊಂಡ.

"ಅವರು ನಂಬಿದವನ ಮಾತಿನ ಮೇಲೆಯೇ ಆ ಕೋಣೆಗೆ ಹೋಗಿದ್ದು," ಇನ್ಸ್‌ಪೆಕ್ಟರಮ್ಮ ಹೇಳಿದಳು. "ಕಲಿಸಿದವನು ತಪ್ಪಿಲ್ಲದವನಾಗಿದ್ದರೆ, ಕಲಿಸಿದ್ದು ನಾನೇ ಅಂತ ಬಾಯಿ ಬಿಡ್ತಿದ್ದ. ಮುಚ್ಚಿಟ್ಟ. ಯಾಕಪ್ಪಾ?"

"ಮಾವನ ಹೆಸರಲ್ಲಿರೋ ದಲ್ಲಾಳಿ ಮಂಡಿ ನನ್ನದು," ಅವನು ಮೆಲ್ಲಗೆ ಹೇಳಿದ. "ಕೂಗಿ ಹರಾಜು ಹಾಕಿದ್ರೆ ಮುಳುಗ್ತಿತ್ತು. ಒಳಗೆ ಟವೆಲ್ ಹಾಕಿ ಕೂತಿದ್ದಾರೆ, ಹೋಗಿ ಹಿಡೀರಿ ಅಂದೆ. ಹೋದರು. ಚಿಲಕ ಹಾಕಿದೆ."

ಅಧಿಕಾರಿಯ ಹೆಂಡತಿ ಅವನೆದುರು ಬಂದು ನಿಂತಳು. "ಬಾಗಿಲು ತಟ್ಟಿದರಾ?"

"ತಟ್ಟಿದರು, ಅತ್ತಿಗೆ."

"ಏನಂದರು?"



"'ತಮ್ಮಾ, ಯಾರೋ ಚಿಲಕ ಹಾಕಿದ್ದಾರೆ. ನಿನಗೇನೂ ಮಾಡಿಲ್ಲ ತಾನೇ?' ಅಂದರು."

* * *

ಅಜ್ಜಿ ಇಲ್ಲಿಗೆ ನಿಲ್ಲಿಸಿದಳು. ಕಥೆ ಕೇಳುತ್ತಿದ್ದವರಲ್ಲಿ ಒಬ್ಬಳು ಚಪ್ಪಲಿ ಹುಡುಕಿಕೊಂಡಳು. ಇನ್ನೊಬ್ಬ ಚಹಾದ ಲೋಟ ಕೆಳಗಿಟ್ಟ. ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಮನೆಗಳಿಗೆ ಹೋದರು.