ಗೊರಕೆಯ ಸರ್ಟಿಫಿಕೇಟು

ನನ್ನ ಹಿಮ್ಮಡಿಯ ಹಿಂದೆ ಬಾದಾಮಿ ಕೋಟೆಯ ಬಂಡೆ ಮುಗಿದಿತ್ತು. ಕೆಳಗೆ ಕೆರೆ. ಎದುರಿಗೆ ನಾಗಲಿಂಗ.

ನನಗೆ ಈಜು ಬರುವುದಿಲ್ಲ. ಅದನ್ನು ಅವನಿಗೆ ಹೇಳುವ ಅವಶ್ಯಕತೆ ಇರಲಿಲ್ಲ...

ಬಾಗಲಕೋಟೆಯ ವಿದ್ಯಾಗಿರಿಯಿಂದಲೇ ಅವನ ಜೀಪು ನನ್ನ ಸ್ಕೂಟರಿನ ಬೆನ್ನು ಹತ್ತಿತ್ತು. ಬಾದಾಮಿಯಲ್ಲಿ ಪೆಟ್ರೋಲ್ ಮುಗಿಯಿತು. ಬಸ್ ಸ್ಟ್ಯಾಂಡಿಗೆ ಓಡುವುದು ಬಿಟ್ಟು ಕೋಟೆಯ ಮೆಟ್ಟಿಲು ಹತ್ತಿದೆ. ಪತ್ತೇದಾರಿಕೆ ಮಾಡಿ ಹೊಟ್ಟೆ ಹೊರೆಯುವ ಹೆಂಗಸಿಗೆ ಇಷ್ಟೂ ಬುದ್ಧಿ ಬೇಡವೇ!

ನಾಗಲಿಂಗ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮೂಗಿನ ಮುಂದೆ ಹಿಡಿದ. ಆ ಕಡೆ ಅವನ ಧಣಿ, ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ಸಂತೋಷಕುಮಾರ.

"ಸುಗರಾಬಿ, ನನ್ನ ಮಗಳು ಅವರ ಮುಂದ ಏನ್ ಹೇಳ್ಯಾಳ?"

ಅವರು ಅಂದರೆ ಮಕ್ಕಳ ಕಲ್ಯಾಣ ಸಮಿತಿಯವರು. ಮಗಳು ಯಾರ ಹತ್ತಿರ ಇರಬೇಕೆಂದು ಸಂತೋಷಕುಮಾರ ಮತ್ತು ಅವನ ಹೆಂಡತಿ ಶೀಲಾ ಫ್ಯಾಮಿಲಿ ಕೋರ್ಟಿನಲ್ಲಿ ಜಗ್ಗಾಡುತ್ತಿದ್ದರು. ನಾನು ಶೀಲಾ ಕಡೆ. ಎಂಟು ವರ್ಷದ ಮಹೇಶ್ವರಿ ಸಮಿತಿಯ ಮೇಡಂ ಎದುರು ಬಾಯಿ ಬಿಟ್ಟಿದ್ದಳು, ಅಪ್ಪನಿಗೆ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡು. ಆ ವರದಿ ಅರಗಿನ ಮುದ್ರೆ ಒತ್ತಿದ ಕವರಿನಲ್ಲಿ ನ್ಯಾಯಾಧೀಶರಿಗೆ ಹೋಗಿತ್ತು. ಅವರು ತೆರೆಯುವ ತನಕ ವಕೀಲರೂ ನೋಡುವಂತಿಲ್ಲ.

ಸಂತೋಷಕುಮಾರನಿಗೆ ಮೊದಲೇ ಗೊತ್ತಾದರೆ ಭಾನುವಾರದ ಭೇಟಿಯಲ್ಲಿ ಕೂಸನ್ನು ಹೆದರಿಸಿ ಮಾತು ತಿರುಗಿಸುತ್ತಾನೆ. ಆಮೇಲೆ ಅದು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಕೋರ್ಟಿನಲ್ಲಿ ಸುಗರಾಳ ಕಣ್ಣಿಗೆ ಬೀಳದ ಕಾಗದವೇ ಇಲ್ಲ ಎಂದು ನಾನೇ ಊರತುಂಬ ಜಂಬ ಕೊಚ್ಚಿಕೊಂಡಿದ್ದೆ. ಆ ಕವರನ್ನು ಮಾತ್ರ ದೂರದಿಂದಲೂ ನೋಡಿರಲಿಲ್ಲ.

ನಾಗಲಿಂಗ ಒಂದು ಹೆಜ್ಜೆ ಮುಂದೆ ಬಂದ. ನನ್ನ ಚಪ್ಪಲಿಯ ಹಿಂಭಾಗ ಗಾಳಿಯಲ್ಲಿತ್ತು.

"ಹೇಳ್ತೇನ್ರಿ..." ಎಂದು ದನಿ ನಡುಗಿಸಿದೆ. ಅರ್ಧ ನಾಟಕ, ಅರ್ಧ ನಿಜ. "ಅಪ್ಪ ಗೊರಕಿ ಹೊಡಿತಾನ, ಅವನ ಮನ್ಯಾಗ ನಿದ್ದಿ ಬರೂದಿಲ್ಲ ಅಂದಾಳ್ರಿ."

ಫೋನಿನಲ್ಲಿ ಸಂತೋಷಕುಮಾರನ ದನಿ ಕೀರಲಾಯಿತು.

"ನಾ... ಗೊರಕಿ?"

ಅಷ್ಟರಲ್ಲಿ ಒಂದು ಗಡವ ಮಂಗ ಜಿಗಿದು ಫೋನು ಕಸಿದುಕೊಂಡಿತು! ನಾಗಲಿಂಗ ಮಂಗನ ಹಿಂದೆ. ನಾನು ಮೆಟ್ಟಿಲ ಕಡೆ. ಅಂದಿನಿಂದ ಬಾದಾಮಿಗೆ ಹೋದಾಗಲೆಲ್ಲ ಶೇಂಗಾ ಒಯ್ಯುತ್ತೇನೆ.

ಶುಕ್ರವಾರ ಕೋರ್ಟು. ವಕೀಲರು ತೋಳು ಜಗ್ಗಿದರೂ ಕೇಳದೆ ಸಂತೋಷಕುಮಾರ ಎದ್ದು ನಿಂತ. ತನಗೆ ಗೊರಕೆಯ ಅಭ್ಯಾಸವೇ ಇಲ್ಲ, ವರದಿಯಲ್ಲಿ ಮಗಳು ಹೇಳಿದ್ದು ಸುಳ್ಳು ಎಂದ. ಡಾಕ್ಟರ ಸರ್ಟಿಫಿಕೇಟು ತಂದಿದ್ದ. ಮೂಗಿನ ಎಕ್ಸ್‌ರೇ ಕೂಡ!

ನ್ಯಾಯಾಧೀಶರು ಕನ್ನಡಕ ತೆಗೆದರು. ಮೇಜಿನ ಮೇಲಿನ ಕವರನ್ನು ಎತ್ತಿ ಹಿಡಿದರು. ಅರಗು ಹಾಗೇ ಇತ್ತು.

"ಇದನ್ನು ನಾನೇ ಇನ್ನೂ ಓದಿಲ್ಲ. ನಿಮಗೆ ಯಾರು ಹೇಳಿದರು?"

ಅವನು ಎಕ್ಸ್‌ರೇಯನ್ನು ಬೆನ್ನ ಹಿಂದೆ ಸರಿಸಿದ. ಈ ಗಳಿಗೆಗೆಂದೇ ಬಚ್ಚಿಟ್ಟುಕೊಂಡಿದ್ದ ಬಾದಾಮಿಯ ಕತೆಯನ್ನು ನಾನು ಎದ್ದು ಹೇಳಿದೆ, ಮಂಗನ ಸಮೇತ. ಭಾನುವಾರದ ಭೇಟಿ ರದ್ದಾಯಿತು. ಪೊಲೀಸರು ನಾಗಲಿಂಗನನ್ನು ಹುಡುಕಿಕೊಂಡು ಹೋದರು.

ಹೊರಗೆ ಮಹೇಶ್ವರಿ ನನ್ನ ಸೆರಗು ಹಿಡಿದಳು.

"ನಾ ಹೇಳಿದ್ದು ನಿನಗ ಗೊತ್ತೇನು?"

"ಇಲ್ಲವ್ವಾ. ನನಗೂ ಗೊತ್ತಿಲ್ಲ, ನಿಮ್ಮಪ್ಪಗೂ ಗೊತ್ತಿಲ್ಲ."

ಅವಳು ಉಸಿರು ಬಿಟ್ಟಳು. "ಮತ್ತ ಎಲ್ಲಾರೂ ಗೊರಕಿ ಗೊರಕಿ ಅಂತ ಯಾಕ ನಗಾಕತ್ತಾರ?"

ಆ ಗೊರಕೆ ನನ್ನ ಗಂಡನದು. ಇಷ್ಟು ವರ್ಷಕ್ಕೆ ಮೊದಲ ಸಲ ಉಪಯೋಗಕ್ಕೆ ಬಂತು.